ಕೈ ಹಿಡಿತ ಅಂದರೆ ಹೊಗಳಿಕೆಯೋ, ತೆಗಳಿಕೆಯೋ?

ಪ್ರಶ್ನೆ: ನಮಸ್ತೆ ಮೇಷ್ಟ್ರೇ. ನಾನು ಹೊಸನಗರ ತಾಲ್ಲೂಕಿನ ಸೊಸೆ. ಮದುವೆಯಾಗಿ ಎರಡು ವರ್ಷವಾಯಿತು. ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. ಮೊನ್ನೆ ಮನೆಗೆ ನೆಂಟರು ಬಂದಿದ್ದರು. ನಮ್ಮ ಅತ್ತೆ ಜಗುಲಿಯಲ್ಲಿ ಕೂತು, "ನಮ್ಮ ಸೊಸೆ ಕೈ ಹಿಡಿತದವಳು ಮಾರಾಯ್ತಿ, ಅವಳ ಕೈಲಿ ಕೊಟ್ಟರೆ ಹೇಗೋ ತೂಗಿಸ್ತಾಳೆ" ಎಂದರು. ನಾನು ಒಳಗೆ ಚಹಾ ಸೋಸುತ್ತಿದ್ದೆ. ಕೇಳಿ ಬಹಳ ಬೇಜಾರಾಯಿತು. ನಮ್ಮ ತವರಿನಲ್ಲಿ ಕೈ ಹಿಡಿತ ಅಂದರೆ ಜಿಪುಣತನ. ಇವರ ಮನೆಯಲ್ಲಿ ಬೇರೆ ಅರ್ಥ ಇದೆಯಾ? ಇನ್ನೊಂದು ಪ್ರಶ್ನೆ. ನಮ್ಮ ಸಂಘದಲ್ಲಿ 'ಥ್ರಿಫ್ಟ್ ಡೆಪಾಸಿಟ್' ಎಂಬ ಖಾತೆ ಇದೆ. ಸದಸ್ಯರು ತಿಂಗಳಿಗೊಮ್ಮೆ ಕಟ್ಟುವ ಹಣ. ಅದರ ಪಾಸ್‌ಬುಕ್ಕಿಗೆ ಕನ್ನಡ ಹೆಸರು ಬೇಕು. ಕಾರ್ಯದರ್ಶಿಗಳು 'ಮಿತವ್ಯಯ ಠೇವಣಿ' ಎನ್ನುತ್ತಿದ್ದಾರೆ. ನನಗೇಕೋ ಅದು ಸರಿ ಕಾಣುತ್ತಿಲ್ಲ. ಮಿತವ್ಯಯ, ಉಳಿತಾಯ, ಹಿಡಿತ, ಜಿಪುಣತನ, ಇವುಗಳ ನಡುವೆ ಗೆರೆ ಎಲ್ಲಿ ಎಳೆಯಬೇಕು?

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಅತ್ತೆ ನಿಮ್ಮನ್ನು ಹೊಗಳಿದ್ದಾರೆ. ಅದೂ ನೆಂಟರ ಮುಂದೆ, ನಿಮಗೆ ಕೇಳಿಸುವ ಹಾಗೆ. ನಮ್ಮ ಕಡೆಯ ಅತ್ತೆಯಂದಿರು ಸೊಸೆಯನ್ನು ಎದುರಿಗೆ ನಿಲ್ಲಿಸಿಕೊಂಡು ಹೊಗಳುವುದು ಕಮ್ಮಿ. ಜಗುಲಿಯಲ್ಲಿ ಕೂತು, ಅಡುಗೆಮನೆಗೆ ಮುಟ್ಟುವಷ್ಟು ದನಿಯಲ್ಲಿ, ಮೂರನೆಯವರಿಗೆ ಹೇಳುತ್ತಾರೆ. ನೀವು ಮಾತಿನ ಮೊದಲರ್ಧಕ್ಕೇ ಮುಖ ಸಣ್ಣ ಮಾಡಿಕೊಂಡು ಎರಡನೇ ಅರ್ಧವನ್ನು ಸುಮ್ನೆ ಬಿಟ್ಟುಬಿಟ್ಟಿದ್ದೀರಿ. 'ತೂಗಿಸ್ತಾಳೆ' ಅಂದಿದ್ದಾರಲ್ಲ, ಮಾತಿನ ತೂಕ ಇರುವುದು ಅಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಹಾಗಂತ ನಿಮಗೆ ಬೇಜಾರಾದದ್ದು ತಪ್ಪು ಅನ್ನಲಾರೆ. ಈ ಪದದಿಂದ ನಾನೂ ಒಮ್ಮೆ ಪೇಚಿಗೆ ಬಿದ್ದವನೇ. ನಾನು ಕನ್ನಡ ಪಾಠ ಮಾಡುತ್ತಿದ್ದ ಒಂದು ಶಾಲೆಯಲ್ಲಿ ಹೆಡ್‌ಮಾಸ್ಟರ ಬೀಳ್ಕೊಡುಗೆ ಇತ್ತು. ಸೀಮೆಸುಣ್ಣದ ಡಬ್ಬಿಗೂ ಲೆಕ್ಕ ಇಟ್ಟ ಮನುಷ್ಯ ಅವರು. ಅವರ ಕಾಲದಲ್ಲೇ ಸೋರುವ ಮಾಡಿಗೆ ಹೊಸ ಹೆಂಚು ಬಂತು, ಬಾವಿಗೆ ಕಟ್ಟೆ ಬಂತು. ನಾನು ಮೈಕ್ ಮುಂದೆ ನಿಂತು, "ನಮ್ಮ ಹೆಡ್‌ಮಾಸ್ಟರು ಬಹಳ ಹಿಡಿತದ ಮನುಷ್ಯರು" ಎಂದೆ. ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು ಹುಟ್ಟಿತು. ಅದು ಸಾಲು ಸಾಲಾಗಿ ಮುಂದಕ್ಕೆ ಬಂದು ವೇದಿಕೆಯವರೆಗೂ ತಲುಪಿತು. ಅವರ ಮುಖ ಸಪ್ಪಗಾಯಿತು. ನಾನು ವಿವರಿಸಲು ಹೋದಷ್ಟೂ ನಗು ಜಾಸ್ತಿಯಾಯಿತು. ಊಟದ ಪಂಕ್ತಿಯಲ್ಲಿ ಅಡುಗೆಯವರು ಸಾರು ಬಡಿಸುತ್ತಾ ಕಿವಿಯಲ್ಲಿ ಹೇಳಿದರು: "ಖರ್ಚಿನ ಮೇಲೆ ಹಿಡಿತ ಇತ್ತು ಅಂದಿದ್ದರೆ ಮುಗೀತಿತ್ತು ಮೇಷ್ಟ್ರೇ." ವ್ಯಾಕರಣ ಪುಸ್ತಕದಲ್ಲಿ ನನಗೆ ಸಿಗದ ಪಾಠ ಅದು.

ಅವರು ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ನೋಡೋಣ. 'ಹಿಡಿತ' ಹುಟ್ಟಿದ್ದು 'ಹಿಡಿ'ಯಿಂದ. ಕುಣಿಯಿಂದ ಕುಣಿತ, ಮಿಡಿಯಿಂದ ಮಿಡಿತ, ಕಡಿಯಿಂದ ಕಡಿತ ಬಂದ ಹಾಗೆ. 'ಹಿಡಿ' ಎಂದರೆ ಕೈಯಲ್ಲಿ ಹಿಡಿಯುವ ಕೆಲಸ. ಜೊತೆಗೆ ಅದು ಒಂದು ಅಳತೆಯೂ ಹೌದು. ಒಂದು ಹಿಡಿ ಅಕ್ಕಿ, ಒಂದು ಹಿಡಿ ಅವಲಕ್ಕಿ ಅನ್ನುತ್ತೇವೆ. ಮುಷ್ಟಿ ಮಡಚಿದಾಗ ಒಳಗೆ ಎಷ್ಟು ನಿಲ್ಲುತ್ತದೋ ಅಷ್ಟು. ಬಿಗಿ ಹಿಡಿಯುವುದು ಮತ್ತು ಅಳೆಯುವುದು, ಎರಡೂ ಒಂದೇ ಪದದಲ್ಲಿ ಕೂತಿವೆ. ನಿಮ್ಮ ತವರಿನವರು ಬಿಗಿಯನ್ನು ನೋಡಿದರು, ಅತ್ತೆ ಅಳತೆಯನ್ನು ನೋಡಿದರು. ಜಗಳ ಇರುವುದು ಇಷ್ಟೇ.

ನನಗೆ ಈ ಪದ ಕೇಳಿದಾಗೆಲ್ಲ ನೆನಪಾಗುವುದು ನಮ್ಮ ಅಜ್ಜಿಯ ಕೈ. ಬೆಳಿಗ್ಗೆ ಅಡುಗೆಗೆ ಅಕ್ಕಿ ಅಳೆಯುತ್ತಿದ್ದರು. ಪಾವಿನಲ್ಲಿ ಅಳೆದು ಮೊರಕ್ಕೆ ಸುರಿಯುವುದು. ಆಮೇಲೆ ಮೊರದಿಂದ ಒಂದು ಹಿಡಿ ತೆಗೆದು ಮೂಲೆಯಲ್ಲಿದ್ದ ಮಣ್ಣಿನ ಗಡಿಗೆಗೆ ಹಾಕುವುದು. ದಿನಾ ಹೀಗೆ. ಮನೆಯಲ್ಲಿ ಹತ್ತು ಜನ. ಒಂದು ಹಿಡಿ ಕಮ್ಮಿಯಾದದ್ದು ಯಾರ ಎಲೆಗೂ ಗೊತ್ತಾಗುತ್ತಿರಲಿಲ್ಲ. ಹಿಡಿಗೆ 40 ಗ್ರಾಂ ಅಂತ ಹಿಡಿದರೂ ವರ್ಷಕ್ಕೆ 14 ಕಿಲೋ ಮೀರುತ್ತದೆ ನೋಡಿ. ಆಶ್ಲೇಷ ಮಳೆಯಲ್ಲಿ ಹಳ್ಳ ಉಕ್ಕಿ ಪೇಟೆಯ ದಾರಿ ಕಟ್ಟಿದಾಗ ಆ ಗಡಿಗೆಯ ಬಾಯಿ ತೆರೆಯುತ್ತಿತ್ತು. ಮಳೆಗಾಲದಲ್ಲಿ ಕೂಲಿ ಇಲ್ಲದೆ ಕೇಳಿಕೊಂಡು ಬಂದವರಿಗೂ ಅದರಿಂದಲೇ ಕೊಡುತ್ತಿದ್ದರು. ಇನ್ನೊಂದು ಸಣ್ಣ ವಿಷಯ ಇದೆ. ಹಿಡಿ ತೆಗೆದ ಮೇಲೆ ಅಜ್ಜಿ ಮುಷ್ಟಿಯನ್ನು ಸ್ವಲ್ಪ ಸಡಿಲ ಮಾಡಿ ಬೆರಳ ಸಂದಿಯಿಂದ ನಾಲ್ಕು ಕಾಳು ಮತ್ತೆ ಮೊರಕ್ಕೆ ಬಿಡುತ್ತಿದ್ದರು. ಯಾಕೆ ಎಂದು ಕೇಳಿದರೆ, "ಉಣ್ಣೋರ ಅನ್ನ ಕಿತ್ತುಕೊಂಡ ಹಾಗೆ ಆಗಬಾರದು" ಎನ್ನುತ್ತಿದ್ದರು.

ಕನ್ನಡದಲ್ಲಿ ದುಡ್ಡಿನ ವ್ಯವಹಾರವೆಲ್ಲ ನಡೆಯುವುದು ಕೈಯ ಮೇಲೆಯೇ. ಸಂಬಳ ಕೈತುಂಬ ಬರುತ್ತದೆ. ತಿಂಗಳ ಕೊನೆಗೆ ಕೈ ಖಾಲಿ. ಆಗ ಕೈಸಾಲ ಅಥವಾ ಕೈಗಡ. ಉದಾರಿಯಾದವನದು ಧಾರಾಳ ಕೈ, ಕೊಡದವನದು ಬಿಗಿ ಕೈ. ಅಂದಾಜು ಮೀರಿ ಖರ್ಚಾದರೆ ಕೈ ಕಚ್ಚಿತು. ನಷ್ಟವೇ ಆದರೆ ಕೈ ಸುಟ್ಟುಕೊಂಡ. ನಮ್ಮ ಊರಿನವರು ಬೆಳೆಯ ಬಗ್ಗೆ ಆಡುವ ಮಾತು ಇನ್ನೂ ಚೆಂದ: "ಈ ವರ್ಷ ಅಡಿಕೆ ಕೈ ಹಿಡೀತು, ಶುಂಠಿ ಕೈ ಕೊಟ್ಟಿತು." ಇಲ್ಲಿ ಕೈ ಹಿಡಿಯುವುದು ಎಂದರೆ ಕಾಪಾಡುವುದು, ಕೈ ಕೊಡುವುದು ಎಂದರೆ ಮೋಸ ಮಾಡುವುದು. ಹೊಸದಾಗಿ ಕನ್ನಡ ಕಲಿಯುವವರಿಗೆ ತಲೆ ಕೆಡುವುದು ಇಲ್ಲೇ. ಕೊಡುವುದು ಒಳ್ಳೆಯದು, ಹಿಡಿದುಕೊಳ್ಳುವುದು ಕೆಟ್ಟದ್ದು ಅಲ್ವಾ ಅಂತ ಕೇಳುತ್ತಾರೆ. ಕೈ ವಿಷಯದಲ್ಲಿ ಉಲ್ಟಾ.

ಹಾಗಾಗಿ 'ಹಿಡಿತ' ಹೊಗಳಿಕೆಯೋ ತೆಗಳಿಕೆಯೋ ಎನ್ನುವುದು ಅದರ ಹಿಂದೆ ಮುಂದೆ ಏನಿದೆ ಎನ್ನುವುದರ ಮೇಲೆ ನಿಂತಿದೆ. 'ಖರ್ಚಿನ ಮೇಲೆ ಹಿಡಿತ ಇದೆ' ಎಂದರೆ ನೂರಕ್ಕೆ ನೂರು ಹೊಗಳಿಕೆ. 'ಕೈ ಹಿಡಿತ ಜಾಸ್ತಿ' ಎಂದರೆ ಖಂಡಿತ ದೂರು, ಆ 'ಜಾಸ್ತಿ'ಯೇ ಕೆಲಸ ಕೆಡಿಸುತ್ತದೆ. 'ಸ್ವಲ್ಪ ಕೈ ಹಿಡಿತ' ಎಂದು ರಾಗ ಎಳೆದರೆ ಅದೂ ದೂರೇ, ಆದರೆ ಮರ್ಯಾದೆಯ ದೂರು. ಹೆಣ್ಣು ನೋಡಲು ಹೋಗುವ ಮುಂಚೆ ಆ ಮನೆಯ ಬಗ್ಗೆ ವಿಚಾರಿಸಿದರೆ ಬರುವ ಉತ್ತರ ಇದು. 'ಕೈ ಹಿಡಿತದವಳು' ಎನ್ನುವುದು ನಡುವೆ ನಿಲ್ಲುತ್ತದೆ. ಅದು ಯಾವ ಕಡೆ ವಾಲುತ್ತದೆ ಎನ್ನುವುದನ್ನು ಮುಂದಿನ ಮಾತು ಹೇಳುತ್ತದೆ. ನಾನು ವೇದಿಕೆಯಲ್ಲಿ 'ಹಿಡಿತದ ಮನುಷ್ಯರು' ಎಂದು ಅಲ್ಲಿಗೇ ನಿಲ್ಲಿಸಿದೆ. ಜನ ತಮಗೆ ಬೇಕಾದ ಹಾಗೆ ಮುಂದುವರಿಸಿಕೊಂಡರು.

ಈಗ ನಿಮ್ಮ ಕಾರ್ಯದರ್ಶಿಗಳ ಮಿತವ್ಯಯಕ್ಕೆ ಬರೋಣ. ಇದು ಸಂಸ್ಕೃತದಿಂದ ಬಂದ ಜೋಡಿಪದ. 'ಮಿತ' ಎಂದರೆ ಅಳೆದದ್ದು. ಅಳೆ ಎಂಬ ಅರ್ಥದ 'ಮಾ' ಧಾತುವಿನಿಂದ ಬಂದದ್ದು. ಪ್ರಮಾಣ, ಪರಿಮಾಣ, ತಾಪಮಾನ ಇವೆಲ್ಲ ಅದರ ಬಳಗ. ನಾವು 'ಮಿತ' ಅಂದ ಕೂಡಲೇ 'ಕಮ್ಮಿ' ಎಂದುಕೊಳ್ಳುತ್ತೇವೆ. ಹಾಗಲ್ಲ. ಮಿತಾಹಾರಿ ಎಂದರೆ ಉಪವಾಸ ಇರುವವನಲ್ಲ, ಹೊಟ್ಟೆಯ ಅಳತೆ ಗೊತ್ತಿರುವವನು. ಮಿತಭಾಷಿ ಮೂಗನಲ್ಲ. ಹಾಗೆಯೇ ಮಿತವ್ಯಯಿ ಎಂದರೆ ಖರ್ಚು ಮಾಡದವನಲ್ಲ, ಅಳೆದು ಖರ್ಚು ಮಾಡುವವನು. ಮಗಳ ಮದುವೆಗೆ ಹತ್ತು ಲಕ್ಷ ಸುರಿದವನೂ ಮಿತವ್ಯಯಿ ಆಗಿರಬಹುದು, ಅದು ಅವನ ಅಳತೆಗೆ ಒಳಗಿದ್ದರೆ.

ಇಲ್ಲೊಂದು ಎಚ್ಚರಿಕೆ. ಕೊನೆಯಲ್ಲಿ 'ಮಿತ' ಕಂಡದ್ದೆಲ್ಲ ಈ ಮಿತವಲ್ಲ. ನಿಮ್ಮ ಸಂಘದ ಬೋರ್ಡಿನ ಕೊನೆಯಲ್ಲಿ 'ನಿಯಮಿತ' ಎಂದು ಇರಬೇಕು, ನೋಡಿ. ಅದು ನಿಯಮದಿಂದ ಬಂದದ್ದು, ಅಳತೆಗೂ ಅದಕ್ಕೂ ಸಂಬಂಧವಿಲ್ಲ. 'ಸೀಮಿತ' ಬಂದದ್ದು ಸೀಮೆಯಿಂದ, ಅಂದರೆ ಗಡಿಯಿಂದ. ಅಪರಿಮಿತ, ಅಮಿತ, ಇತಿಮಿತಿ ಇವು ಮಾತ್ರ ನಮ್ಮ ಮಿತದ ನೆಂಟರು.

'ವ್ಯಯ'ದ ಕತೆ ಇನ್ನೂ ಮಜಾ. ಇದರಲ್ಲಿರುವುದು ಹೋಗು ಎಂಬ ಅರ್ಥದ 'ಇ' ಧಾತು. 'ಆ' ಸೇರಿದರೆ ಆಯ, ಒಳಗೆ ಬರುವುದು. 'ವಿ' ಸೇರಿದರೆ ವ್ಯಯ, ಬಿಟ್ಟು ಹೋಗುವುದು. ಎರಡನ್ನೂ ಜೋಡಿಸಿ ಆಯವ್ಯಯ. ಪ್ರತಿ ವರ್ಷ ವಿಧಾನಸಭೆಯಲ್ಲಿ ಮುಖ್ಯಮಂತ್ರಿಗಳೋ ಹಣಕಾಸು ಮಂತ್ರಿಗಳೋ ಓದುವ ಬಜೆಟ್ಟಿಗೆ ಸರ್ಕಾರಿ ಕನ್ನಡದಲ್ಲಿ ಇದೇ ಹೆಸರು. ಸರ್ಕಾರದ ಬೊಕ್ಕಸಕ್ಕಿಂತ ಮುಂಚೆ ಇದು ನಮ್ಮ ಮನೆಗಳಿಗೆ ಪಂಚಾಂಗದ ದಾರಿಯಲ್ಲಿ ಬಂದಿತ್ತು. ಯುಗಾದಿ ದಿನ ಪಂಚಾಂಗ ಓದುವಾಗ ಒಂದೊಂದು ರಾಶಿಗೂ ಇಷ್ಟು ಆಯ, ಇಷ್ಟು ವ್ಯಯ ಅಂತ ಹೇಳುತ್ತಾರಲ್ಲ? ಆಯ 5, ವ್ಯಯ 14 ಅಂತ ಬಂದರೆ ಆ ರಾಶಿಯವರು ಒಬ್ಬಟ್ಟು ತಿನ್ನುವ ಮುಂಚೆಯೇ ಸುಸ್ತು. ಅರವತ್ತು ಸಂವತ್ಸರಗಳಲ್ಲಿ ಇಪ್ಪತ್ತನೆಯದರ ಹೆಸರೇ ವ್ಯಯ. ಕಳೆದ ಸಲ ಅದು ಬಂದದ್ದು 2006–07ರಲ್ಲಿ. ಹಳಗನ್ನಡದವರು ವ್ಯಯವನ್ನು ತಿದ್ದಿ ತೀಡಿ 'ಬೀಯ' ಮಾಡಿಕೊಂಡಿದ್ದರು. ನಾವು ಆ ಬೀಯವನ್ನೂ ಕಳೆದುಕೊಂಡು, ಪಾರಸಿ ಕಡೆಯಿಂದ ಬಂದ 'ಖರ್ಚು' ಇಟ್ಟುಕೊಂಡು ಆರಾಮಾಗಿದ್ದೇವೆ.

ವ್ಯಾಕರಣದ 'ಅವ್ಯಯ'ವೂ ಇದೇ ಪದ. ಆದರೆ, ಮತ್ತು, ಸುಮ್ಮನೆ, ಬೇಗನೆ ಇಂಥ ಪದಗಳು ಲಿಂಗ, ವಚನ, ವಿಭಕ್ತಿ ಬದಲಾದರೂ ತಮ್ಮಲ್ಲಿ ಏನನ್ನೂ ಕಳೆದುಕೊಳ್ಳುವುದಿಲ್ಲ. ಅದಕ್ಕೇ ಅವ್ಯಯ. ಒಮ್ಮೆ ಪರೀಕ್ಷೆಯಲ್ಲಿ ಒಬ್ಬ ಹುಡುಗ 'ಅವ್ಯಯ ಎಂದರೆ ಖರ್ಚೇ ಮಾಡದವನು' ಎಂದು ಬರೆದಿದ್ದ. ನಾನು ಅರ್ಧ ಅಂಕ ಕೊಟ್ಟೆ. ಈಗ ಅನ್ನಿಸುತ್ತದೆ, ಪೂರ್ತಿ ಕೊಡಬಹುದಿತ್ತು.

ಇಷ್ಟೆಲ್ಲ ಒಳ್ಳೆಯ ಪದವಾದರೂ ಮಿತವ್ಯಯ ನಮ್ಮ ಬಾಯಿಗೆ ಹತ್ತಲಿಲ್ಲ. ಅದು ಸುತ್ತೋಲೆಯಲ್ಲಿ ಉಳಿಯಿತು, ಪ್ರಬಂಧದ ತಲೆಬರಹದಲ್ಲಿ ಉಳಿಯಿತು. ಇಲಾಖೆಗಳು ಖರ್ಚು ತಗ್ಗಿಸಬೇಕಾದಾಗ 'ಮಿತವ್ಯಯ ಕ್ರಮಗಳು' ಎನ್ನುತ್ತವೆ. ನಾನು ಇಷ್ಟು ವರ್ಷದಲ್ಲಿ ಸಂತೆಯಲ್ಲಾಗಲಿ ಬಸ್‌ಸ್ಟ್ಯಾಂಡಿನಲ್ಲಾಗಲಿ ಒಬ್ಬರ ಬಾಯಲ್ಲೂ ಆ ಪದ ಕೇಳಿಲ್ಲ. ಮಿತ ಎಂಬುದು ಮಾತ್ರ ಬಿಡಿಯಾಗಿ ಓಡಾಡುತ್ತದೆ. 'ನೀರನ್ನು ಮಿತವಾಗಿ ಬಳಸಿ', 'ಹಿತ ಮಿತವಾಗಿರಲಿ'. ಇದು ಜೀವಂತ ಬಳಕೆ.

ನಿಮ್ಮ ಪಾಸ್‌ಬುಕ್ಕಿಗೆ ಮಿತವ್ಯಯ ಸರಿ ಹೊಂದದಿರುವುದಕ್ಕೆ ಕಾರಣ ನೀವೇ ಊಹಿಸಿರುತ್ತೀರಿ. ಮಿತವ್ಯಯ ಎನ್ನುವುದು ಖರ್ಚು ಮಾಡುವ ರೀತಿ. ಠೇವಣಿ ಇಡುವುದು ಖರ್ಚಾಗದೆ ಉಳಿದದ್ದನ್ನು. 'ಮಿತವ್ಯಯ ಠೇವಣಿ' ಎಂದರೆ ಅಳೆದು ಮಾಡಿದ ಖರ್ಚನ್ನೇ ತಂದು ಠೇವಣಿ ಇಟ್ಟ ಹಾಗೆ ಕೇಳುತ್ತದೆ. ಉಳಿದದ್ದಕ್ಕೆ ನಮ್ಮಲ್ಲಿ 'ಉಳಿ' ಎಂಬ ಗಟ್ಟಿ ಧಾತು ಇದೆ, ಅದರಿಂದಲೇ ಉಳಿತಾಯ. ಬರೀ 'ಉಳಿತಾಯ ಠೇವಣಿ' ಎಂದರೆ ಬ್ಯಾಂಕಿನ ಉಳಿತಾಯ ಖಾತೆ ಎಂದು ಸದಸ್ಯರು ತಪ್ಪು ತಿಳಿದಾರು. ಯಾವಾಗ ಬೇಕಾದರೂ ಹಾಕಿ ತೆಗೆಯಬಹುದು ಎಂದುಕೊಂಡು ಕೌಂಟರಿನಲ್ಲಿ ನಿಮ್ಮ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಹಾಗಾಗಿ 'ತಿಂಗಳ ಉಳಿತಾಯ ಠೇವಣಿ' ಎನ್ನಿ. ಕಟ್ಟಲೇಬೇಕು ಎಂಬ ನಿಯಮವಿದ್ದರೆ 'ಕಡ್ಡಾಯ ಉಳಿತಾಯ ಠೇವಣಿ' ಎನ್ನಿ. ಆದರೆ ಮೊದಲು ನಿಮ್ಮ ಬೈಲಾ ತೆಗೆದು ನೋಡಿ. ಅದರಲ್ಲಿ ಒಂದು ಹೆಸರು ನೋಂದಣಿಯಾಗಿದ್ದರೆ ಪಾಸ್‌ಬುಕ್ಕಿನಲ್ಲೂ ಅದೇ ಇರಬೇಕು. ಆಗ ನನ್ನ ಮಾತು ಬದಿಗಿಡಿ.

ನಿಮ್ಮ ಖಾತೆಯ ಇಂಗ್ಲಿಷ್ ಹೆಸರಿನ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಥ್ರಿಫ್ಟ್ ಎಂಬ ಪದ ಥ್ರೈವ್ ಎಂಬುದರ ಒಡಹುಟ್ಟು. ಥ್ರೈವ್ ಎಂದರೆ ಏಳಿಗೆಯಾಗು, ಚೆನ್ನಾಗಿ ಬೆಳೆ. ಅದು ಇಂಗ್ಲಿಷಿಗೆ ಬಂದದ್ದು ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯಿಂದ. ಅಲ್ಲಿ ಅದರ ಬುಡದಲ್ಲಿರುವ ಪದಕ್ಕೆ 'ಕೈಯಲ್ಲಿ ಗಟ್ಟಿಯಾಗಿ ಹಿಡಿ' ಎಂಬ ಅರ್ಥ ಎಂದು ನಿಘಂಟುಕಾರರು ಹೇಳುತ್ತಾರೆ. ಹಿಮದ ನಾಡಿನವರೂ ಮಳೆಯ ನಾಡಿನವರೂ ಒಂದೇ ಮುಷ್ಟಿಯನ್ನು ನೋಡಿ ಒಂದೇ ಪದಕ್ಕೆ ಬಂದಿದ್ದಾರೆ! ನಿಮ್ಮ ಅತ್ತೆಗೆ ಇದನ್ನು ಹೇಳಿ, ಖುಷಿ ಪಡುತ್ತಾರೆ.

ಉಳಿತಾಯಕ್ಕೆ ನಮ್ಮಲ್ಲಿ ಕ್ರಿಯಾಪದ 'ಮಾಡು' ಎಂದು ಬರೆಯುತ್ತೇವೆ. ಆದರೆ ಆಡುವಾಗ 'ಕಟ್ಟು' ಬರುತ್ತದೆ. ಚೀಟಿ ಕಟ್ಟು, ಕಂತು ಕಟ್ಟು, ಗಂಟು ಕಟ್ಟು. ಪಿಗ್ಮಿ ಕಟ್ಟು ಎನ್ನುವುದಂತೂ ಈಗ ಅಪ್ಪಟ ಕನ್ನಡ. ಇದು ಕರಾವಳಿಯ ಕೊಡುಗೆ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುವ ಯೋಜನೆ ಶುರು ಮಾಡಿತು. ಮೊತ್ತ ಕುಳ್ಳಗಿದ್ದದ್ದಕ್ಕೆ ಪಿಗ್ಮಿ ಎಂಬ ಹೆಸರು. ಅದು ಘಟ್ಟ ಹತ್ತಿ ನಮ್ಮ ಪೇಟೆಗಳ ಅಂಗಡಿ ಸಾಲಿಗೂ ಬಂತು. ಸಂಜೆ ಗಲ್ಲಾದ ಮುಂದೆ ಪಿಗ್ಮಿಯವರು ಬಂದು ನಿಂತರೆ ಅಂಗಡಿಯವರು ಮಾತೇ ಆಡದೆ ನೋಟು ತೆಗೆದುಕೊಡುತ್ತಾರೆ. ಅಜ್ಜಿಯ ಗಡಿಗೆಯೇ ಇದು, ಕಾಲು ಬಂದಿದೆ ಅಷ್ಟೇ.

ಇನ್ನು ಜಿಪುಣತನ. ಇದರ ಪದಗಳಿಗೆ ಕನ್ನಡದಲ್ಲಿ ಬರವಿಲ್ಲ. ಜಿಪುಣ, ಜುಗ್ಗ, ಲೋಭಿ, ಕೃಪಣ, ಜೊತೆಗೆ ಹಿಂದಿ–ಉರ್ದು ಕಡೆಯ ಕಂಜೂಸ್. ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಎಂಬ ಮಾತಂತೂ ಇದ್ದೇ ಇದೆ. ಕೈಗೆ ಅಂಟಿದ ಅನ್ನದ ಅಗುಳು ಎಲ್ಲಿ ಹಾರಿ ಕಾಗೆಗೆ ಸಿಕ್ಕೀತೋ ಎಂಬ ಭಯ ಅವನಿಗೆ! ಇವೆಲ್ಲ ಒಂದೇ ಅಲ್ಲ. ಲೋಭಿಗೆ ಇನ್ನೊಬ್ಬರದ್ದೂ ಬೇಕು. ಜಿಪುಣನಿಗೆ ತನ್ನದು ಹೋಗದಿದ್ದರೆ ಸಾಕು. ಕೃಪಣ ಎಂಬುದಕ್ಕೆ ಸಂಸ್ಕೃತದಲ್ಲಿ ಅಯ್ಯೋ ಪಾಪ ಎನ್ನಿಸುವವನು, ದೀನ ಎಂಬ ಅರ್ಥವೂ ಇದೆ. ನಾವು 'ಕಷ್ಟ ಕಾರ್ಪಣ್ಯ' ಎನ್ನುವಾಗ ಹಿಡಿದಿಟ್ಟುಕೊಂಡಿರುವುದು ಆ ಅರ್ಥವನ್ನೇ, ಅಲ್ಲಿ ಜಿಪುಣತನದ ಸೋಂಕೂ ಇಲ್ಲ. ದುಡ್ಡಿದ್ದೂ ಉಣ್ಣದವನನ್ನು ನೋಡಿ ಯಾರೋ ಪುಣ್ಯಾತ್ಮ ಬೈಯುವ ಬದಲು 'ಪಾಪ' ಅಂದಿರಬೇಕು ಅಂತ ನನ್ನ ಊಹೆ.

ನೀವು ಕೇಳಿದ ಗೆರೆಯನ್ನು ನಮ್ಮ ಹಿರಿಯರು ಎಳೆದಿದ್ದಾರೆ. ಎಳೆದದ್ದು ಅಡಿಕೆಯಲ್ಲೇ: "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು." ಬಂದವರಿಗೆ ಎಲೆ ಅಡಿಕೆ ತಟ್ಟೆ ಮುಂದಿಡುವುದು ನಮ್ಮಲ್ಲಿ ಮೊದಲ ಮರ್ಯಾದೆ. ಆ ಒಂದು ಅಡಿಕೆಯಲ್ಲಿ ಹಿಂದೆ ಮುಂದೆ ನೋಡಿ ಮಾನ ಕಳೆದುಕೊಂಡರೆ ಆಮೇಲೆ ಆನೆಯನ್ನೇ ದಾನ ಮಾಡಿದರೂ ಊರು ಮರೆಯುವುದಿಲ್ಲ. ಅಲ್ಲಿಗೆ ಲೆಕ್ಕ ಸ್ಪಷ್ಟ. ತನ್ನ ಬಾಯಿಗೆ ಹಾಕುವ ಅಡಿಕೆಯನ್ನು ಅರ್ಧ ಮಾಡಿದರೆ ಹಿಡಿತ, ಬಂದವರ ತಟ್ಟೆಯ ಅಡಿಕೆಯನ್ನು ಅರ್ಧ ಮಾಡಿದರೆ ಜಿಪುಣತನ. ಅಂದ ಹಾಗೆ, ಈ 'ಮಾನ'ಕ್ಕೂ ತಾಪಮಾನದ 'ಮಾನ'ಕ್ಕೂ ಸಂಬಂಧವಿಲ್ಲ. ಮರ್ಯಾದೆಯ ಮಾನ ಬಂದದ್ದು ಯೋಚಿಸು, ಗಣಿಸು ಎಂಬ ಅರ್ಥದ 'ಮನ್' ಧಾತುವಿನಿಂದ. ಅಳತೆಯ ಮಾನ ನಮ್ಮ ಮಿತದ ಕಡೆಯದು.

ಜಿಪುಣತನದ ಇನ್ನೊಂದು ಮುಖ ತೋಟದಲ್ಲಿ ಕಾಣುತ್ತದೆ. ಅಡಿಕೆಯ ಕೊಳೆ ರೋಗಕ್ಕೆ ಮಳೆ ಹಿಡಿಯುವ ಮುಂಚೆ ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ಬೋರ್ಡೋ ದ್ರಾವಣ ಹೊಡೆಸಬೇಕು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೊದಲನೆಯದನ್ನು ಎಲ್ಲರೂ ಹೊಡೆಸುತ್ತಾರೆ. ಎರಡನೆಯದರ ಹೊತ್ತಿಗೆ ಕೈಯಲ್ಲಿ ಕಾಸಿರುವುದಿಲ್ಲ, ಮಳೆ ಬಿಡುವು ಕೊಡುವುದಿಲ್ಲ, ಮರ ಹತ್ತುವವರು ಸಿಗುವುದಿಲ್ಲ. 'ಈ ಸಲ ಒಂದೇ ಸಾಕು' ಎಂದು ಮನಸ್ಸು ಹೇಳುತ್ತದೆ. ಆಗಸ್ಟಿನಲ್ಲಿ ಎಳೆಯ ಕಾಯಿ ಕೊಳೆತು ಉದುರಿ ಮರದ ಬುಡ ಹಸಿರಾಗಿ ಬಿದ್ದಿರುತ್ತದೆ. ಅಲ್ಲಿ ಉಳಿಸಿದ ದುಡ್ಡನ್ನು ಯಾರೂ ಮಿತವ್ಯಯ ಅನ್ನುವುದಿಲ್ಲ. ಅಳೆಯದೆ ಉಳಿಸಿದ್ದು ಅದು.

ಅಳೆದು ನಡೆಯುವ ವಿಷಯದಲ್ಲಿ ನಿಮ್ಮ ತಾಲ್ಲೂಕೇ ಒಂದು ಪದವನ್ನು ಮೆರೆಸಿದೆ. ಅದು ಶಿಸ್ತು. ಕೆಳದಿಯ ಅರಸ ಶಿವಪ್ಪನಾಯಕ ಆಳಿದ್ದು 1645ರಿಂದ 1660ರವರೆಗೆ. ರಾಜಧಾನಿ ಬಿದನೂರು, ಈಗ ನಿಮ್ಮ ಹೊಸನಗರ ತಾಲ್ಲೂಕಿನ ನಗರ. ಕಂದಾಯ ಎಷ್ಟು ಹಾಕಬೇಕು ಎಂದು ತಿಳಿಯಲು ಅವನು ಊರೂರಿನಲ್ಲಿ ಒಂದೊಂದು ಬಗೆಯ ಗದ್ದೆಯನ್ನು ಸರ್ಕಾರದ ಖರ್ಚಿನಲ್ಲೇ ಸಾಗುವಳಿ ಮಾಡಿಸಿದನಂತೆ. ಬೀಜ ಎಷ್ಟು ಬೇಕಾಯಿತು, ಕೂಲಿ ಎಷ್ಟು ಹಿಡಿಯಿತು, ಬೆಳೆ ಎಷ್ಟು ಬಂತು ಎಂದು ಹನ್ನೆರಡು ವರ್ಷ ಲೆಕ್ಕ ಬರೆಸಿ, ಸರಾಸರಿ ತೆಗೆದು, ಮೂರರಲ್ಲಿ ಒಂದು ಪಾಲನ್ನು ಅರಮನೆಗೆ ನಿಗದಿ ಮಾಡಿದ ಎಂಬ ವಿವರಣೆ ಹಳೆಯ ಮೈಸೂರು ಗೆಜೆಟಿಯರಿನಲ್ಲಿದೆ. ಆ ಕಂದಾಯದ ಕ್ರಮಕ್ಕೆ ಶಿಸ್ತು ಎಂದು ಹೆಸರು. 'ಶಿಸ್ತಿನ ಶಿವಪ್ಪನಾಯಕ' ಎಂದು ಜನ ಕರೆದದ್ದು ಇದಕ್ಕಾಗಿ, ಬೆಳಿಗ್ಗೆ ಬೇಗ ಏಳುತ್ತಿದ್ದ ಎಂದಲ್ಲ. ಇವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸುವಾಗ ಬಳಸುವ ಪದಕ್ಕೆ ನಮ್ಮ ಸೀಮೆಯಲ್ಲಿ ಗದ್ದೆಯ ಕೆಸರಿನ ವಾಸನೆ ಇದೆ. 'ಕಡತ'ದ ಕತೆಯೂ ಹೀಗೇ. ಈಗ ಕಚೇರಿಯ ಫೈಲು. ಮೊದಲು ಅದು ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು ಕಪ್ಪು ಮಾಡಿ ಮಡಚಿದ ಬಟ್ಟೆ. ಅದರ ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಹೆಸರುವಾಸಿ.

ಈಗ ಅತ್ತೆಯ ಆ ಎರಡನೇ ಅರ್ಧ. 'ತೂಗಿಸ್ತಾಳೆ.'

ತೂಗು ಎಂದರೆ ತಕ್ಕಡಿಯಲ್ಲಿ ತೂಕ ನೋಡುವುದು. ತೊಟ್ಟಿಲನ್ನು ಆಡಿಸುವುದೂ ತೂಗುವುದೇ. ಎರಡರಲ್ಲೂ ಒಂದು ಸಾಮ್ಯ ಇದೆ. ಯಾವುದೂ ನಿಂತಲ್ಲಿ ನಿಲ್ಲುವುದಿಲ್ಲ. ಒಂದು ಕಡೆ ಇಳಿಯುತ್ತದೆ, ಇನ್ನೊಂದು ಕಡೆ ಏರುತ್ತದೆ, ಕೈ ಮಾತ್ರ ಬಿಡುವ ಹಾಗಿಲ್ಲ. 'ಸಂಸಾರ ತೂಗಿಸು' ಎನ್ನುವ ಮಾತು ಅಲ್ಲಿಂದ ಬಂತು. 'ಸರಿದೂಗಿಸು' ಎಂಬುದೂ ಇದೇ, ಸರಿ ಮತ್ತು ತೂಗಿಸು ಸೇರಿ ತಕಾರ ದಕಾರವಾಗಿದೆ. ದುಡ್ಡನ್ನು ಜಾಣತನದಿಂದ ನಡೆಸುವುದಕ್ಕೆ ಕನ್ನಡದಲ್ಲಿ ಒಂದೇ ಪದ ಆರಿಸಿ ಎಂದರೆ ನಾನು ಮಿತವ್ಯಯವನ್ನೂ ಉಳಿತಾಯವನ್ನೂ ಬಿಟ್ಟು ಇದನ್ನು ಎತ್ತಿಕೊಳ್ಳುತ್ತೇನೆ.

ಯಾಕೆಂದರೆ ಅಡಿಕೆ ಮನೆಯ ಕಷ್ಟ ಕಮ್ಮಿ ದುಡ್ಡಿನದಲ್ಲ, ಒಮ್ಮೆಲೇ ಬರುವ ದುಡ್ಡಿನದು. ಸಂಬಳದವರಿಗೆ ತಿಂಗಳಿಗೊಂದು ಒಂದನೇ ತಾರೀಕು. ನಮಗೆ ವರ್ಷಕ್ಕೊಂದು. ನವೆಂಬರಿನಿಂದ ಫೆಬ್ರುವರಿವರೆಗೆ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು. ಆಮೇಲೆ ಮೂಟೆಗಳು ಶಿವಮೊಗ್ಗದ ಮ್ಯಾಮ್ಕೋಸಿಗೋ (ಅಡಿಕೆ ಬೆಳೆಗಾರರ ಸಹಕಾರ ಸಂಘ) ಸಾಗರದ ಮಂಡಿಗೋ ಹೋಗುತ್ತವೆ. ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆಯ ಬಗೆ ನೋಡಿ ಬೇರೆ ಬೇರೆ ದರ ಬಿದ್ದು ದುಡ್ಡು ಕೈಗೆ ಬರುತ್ತದೆ. ಬರುವಾಗಲೇ ಅರ್ಧಕ್ಕೆ ವಾರಸುದಾರರು ಕಾದಿರುತ್ತಾರೆ: ಹಿಂದಿನ ಮಳೆಗಾಲದ ಮಂಡಿ ಸಾಲ, ಗೊಬ್ಬರದ ಅಂಗಡಿ. ಉಳಿದದ್ದರಲ್ಲಿ ಬೇಸಿಗೆಯ ಮದುವೆಗಳ ಉಡುಗೊರೆ, ಜೂನಿನಲ್ಲಿ ಮಕ್ಕಳ ಫೀಸು, ಬೋರ್ಡೋ, ಮಳೆಗಾಲದ ದಿನಸಿ, ಚೌತಿ, ದೀಪಾವಳಿ. ಮಾರ್ಚಿನ ಶ್ರೀಮಂತನೇ ಸೆಪ್ಟೆಂಬರಿನ ಬಡವ. ಆ ಮಾರ್ಚನ್ನು ಸೆಪ್ಟೆಂಬರಿನವರೆಗೆ ಎಳೆದು ಮುಟ್ಟಿಸುವುದಕ್ಕೆ ತೂಗಿಸುವುದು ಎನ್ನುತ್ತೇವೆ. ಬರೀ ಬಿಗಿ ಹಿಡಿಯುವವನಿಂದ ಇದು ಆಗದು. ಬೋರ್ಡೋ ದಿನ ಬಿಚ್ಚಬೇಕು, ಚೌತಿಯ ದಿನ ಹಿಡಿಯಬೇಕು.

ನಮ್ಮ ತಂದೆ ಒಂದು ಉದ್ದನೆಯ ಕಿರ್ದಿ ಪುಸ್ತಕ ಇಟ್ಟಿದ್ದರು. ಪುಟದ ಮೇಲೆ 'ಶ್ರೀ', ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಎಡಗಡೆ ತಿಂಗಳುಗಟ್ಟಲೆ ಖಾಲಿ. ಬಲಗಡೆ ಇರುವೆ ಸಾಲಿನ ಹಾಗೆ ಅಕ್ಷರ: ಅಡಿಕೆ ಕೊನೆ ಕೊಯ್ಯುವ ಕೊನೆಗಾರನ ಕೂಲಿ, ಸುಣ್ಣ, ತಂಗಿಯ ಫೀಸು, ಬೆಲ್ಲ, ಬಸ್ಸು. ದಿನದ ಕೊನೆಗೆ ಕೂಡಿಸಿದಾಗ ಒಮ್ಮೊಮ್ಮೆ ಒಂದೆರಡು ರೂಪಾಯಿ ಹೊಂದುತ್ತಿರಲಿಲ್ಲ. ಅದಕ್ಕೆ ಅವರು ಸುಳ್ಳು ಖರ್ಚು ಬರೆದು ಸರಿ ಮಾಡುತ್ತಿರಲಿಲ್ಲ. 'ಲೆಕ್ಕಕ್ಕೆ ಸಿಗದ್ದು' ಎಂದು ಬರೆದು ಅಷ್ಟನ್ನೂ ನಮೂದಿಸುತ್ತಿದ್ದರು. ಅವರು ಹೋದ ಮೇಲೆ ಆ ಪುಸ್ತಕ ತಿರುವಿದೆ. ಒಂದು ವರ್ಷದ ಪುಟಗಳಲ್ಲಿ ಅದು ತಪ್ಪದೆ ಗುರುವಾರ ಬರುತ್ತಿತ್ತು. ನಮ್ಮೂರ ಸಂತೆಯ ದಿನ ಅದು. ಆ ವರ್ಷ ನಾನು ಸಂತೆಯಲ್ಲಿ ಬೆಂಡು ಬತ್ತಾಸು ಬೇಕೆಂದು ಹಟ ಹಿಡಿಯುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ನಿಮ್ಮ ಅತ್ತೆಯ ಮಾತಿನಲ್ಲಿ ಇನ್ನೊಂದು ಪದ ಉಳಿಯಿತು. 'ಅವಳ ಕೈಲಿ ಕೊಟ್ಟರೆ' ಎಂದಿದ್ದಾರೆ. ಈ 'ಕೊಟ್ಟರೆ'ಯನ್ನು ಸುಮ್ನೆ ಯಾರೂ ಆಡುವುದಿಲ್ಲ. ಕೊಡುವ ಯೋಚನೆ ತಲೆಯಲ್ಲಿ ಓಡುತ್ತಿರುವವರು ಮಾತ್ರ ಆಡುತ್ತಾರೆ. ಬೀರುವಿನ ಬೀಗದ ಕೈ ಈ ಸುಗ್ಗಿಗೋ ಮುಂದಿನ ಸುಗ್ಗಿಗೋ ನಿಮ್ಮ ಕೈಗೆ ಬರುತ್ತದೆ ಅಂತ ನನ್ನ ಅಂದಾಜು. ಈಗಲೇ ಪೇಟೆಗೆ ಹೋದಾಗ ಒಂದು ಗಟ್ಟಿ ರಟ್ಟಿನ ಪುಸ್ತಕ ತಂದಿಟ್ಟುಕೊಳ್ಳಿ. ಬಲಗಡೆಯ ಪುಟದ ಕೆಳಗೆ ಎರಡು ಸಾಲು ಖಾಲಿ ಬಿಡುವುದನ್ನು ಮರೆಯಬೇಡಿ.